ಸಿಗಡಿ ಸುಲಿದ ಪಾಪಕ್ಕ ನಿಮ್ಮ ಕಣ್ಣಿಗೆ ಬೀಳಲೇ ಇಲ್ಲವೇ?

ಕಡಲ ಸರಕಿನ ರಫ್ತು ಘಟಕಗಳನ್ನು ತಪಾಸಣೆ ಮಾಡುವ ಘನ ಅಧಿಕಾರಿಗಳೇ,

ತಾವು ಸಹಿ ಮಾಡಿದ ಉತ್ತರ ನಮ್ಮ ಕೈಸೇರಿದೆ. ‘ಸದರಿ ಘಟಕದ ಹಾಜರಿಪಟ್ಟಿಯಲ್ಲಿ ಪಾಪಕ್ಕ ಎಂಬ ಹೆಸರಿನ ಕಾರ್ಮಿಕರು ಇರುವುದಿಲ್ಲ. ಆದ್ದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ.’ ಎರಡು ವಾಕ್ಯ. ಪಾಪಕ್ಕ ಕಳೆದುಕೊಂಡದ್ದು ಎರಡು ಬೆರಳು. ಬೆರಳಿಗೊಂದು ವಾಕ್ಯದಂತೆ ತಾವು ನ್ಯಾಯ ಒದಗಿಸಿದ್ದೀರಿ.

ಪಾಪಕ್ಕ ನನ್ನ ಸೋದರತ್ತೆ, ತಳಕು ಹೋಬಳಿಯ ಕುರಿಗಾರರ ಮನೆಯವಳು. ಅವಳು ನೂತ ಉಣ್ಣೆ ಎಂದರೆ ಕಂಬಳಿ ನೇಯುವವರು ಕಾದು ಕುಳಿತು ಒಯ್ಯುತ್ತಿದ್ದರು. ಕುರಿ ಮೇಯುತ್ತಿದ್ದ ಕಾವಲಿಗೆ ಬೇಲಿ ಬಿದ್ದು ಮಂದೆ ಕರಗಿದ ಮೇಲೆ ನಾವಿಬ್ಬರೂ, ಊರಿನ ಇನ್ನೂ ಒಂಬತ್ತು ಹೆಂಗಸರೂ ಕರಾವಳಿಗೆ ಹೋದೆವು. ಸಮುದ್ರವನ್ನೇ ಕಾಣದ ನಾವು ವಿದೇಶಿಯರ ತಟ್ಟೆಗೆ ಸಿಗಡಿ ಸುಲಿದೆವು. ದಿನವಿಡೀ ಐಸಿನ ನೀರಿನಲ್ಲಿ ಕೈ. ತೂತುಬಿದ್ದ ಕೈಗವಸು ಬದಲಿಸಿಕೊಡಿ ಎಂದರೆ, ಮುಂದಿನ ವಾರ ಎನ್ನುತ್ತಿದ್ದರು. ಆ ತೂತಿನಲ್ಲೇ ಒಂದು ದಿನ ಸಿಗಡಿಯ ತಲೆಮುಳ್ಳು ಪಾಪಕ್ಕನ ಬೆರಳಿಗೆ ಇಳಿಯಿತು. ಮೂರನೆಯ ದಿನಕ್ಕೆ ಕೈ ಮೊಣಕೈವರೆಗೆ ಊದಿ, ಅವಳು ಚಳಿಜ್ವರದಲ್ಲಿ ನಡುಗುತ್ತಿದ್ದಳು.

ಅಂದೇ ತಮ್ಮ ಸವಾರಿ ಚಿತ್ತೈಸಿತು, ವಿದೇಶದ ಖರೀದಿದಾರರೊಂದಿಗೆ. ಹಾಜರಿಪಟ್ಟಿಯಲ್ಲಿ ಹೆಸರಿದ್ದವರಿಗೆ ಹೊಸ ಬಿಳಿ ಕೋಟು ಸಿಕ್ಕಿತು. ಹೆಸರಿಲ್ಲದ ನಮ್ಮ ಹನ್ನೊಂದು ಜನರನ್ನು ನಾವು ಮಲಗುವ ಮಹಡಿಯ ಕೋಣೆಗೆ ನೂಕಿ ಹೊರಗಿನಿಂದ ಚಿಲಕ ಹಾಕಿದರು. ಆಸ್ಪತ್ರೆಗಾದರೂ ಬಿಡಿ ಎಂದು ಬಾಗಿಲು ಬಡಿದರೆ ಮೇಲ್ವಿಚಾರಕಿಯ ದನಿ ಮಾತ್ರ ಬಂತು: “ಸಾಹೇಬ್ರು ಹೋಗುವವರೆಗೆ ಸುಧಾರಿಸಿ ಮಾರಾಯ್ತಿ. ನಾನೇನು ಮಾಡ್ಲಿಕ್ಕುಂಟು?”

ನಾನು ಕಿಟಕಿಗೆ ಹೋದೆ. ಕೆಳಗೆ ಅಂಗಳದಲ್ಲಿ ತಾವು ಎಳನೀರು ಕುಡಿಯುತ್ತಿದ್ದಿರಿ.

“ಸಾರ್, ನಮ್ಮತ್ತೆ ಸಾಯಂಗ್ ಆಗೇತೆ! ಬಾಗ್ಲು ತೆಗೆಸ್ರಿ!”

ತಾವು ತಲೆ ಎತ್ತಿದಿರಿ. ನನ್ನ ಮುಖ ನೋಡಿದಿರಿ. ಪಕ್ಕದ ಮ್ಯಾನೇಜರು ಕಿವಿಯಲ್ಲಿ ಏನೋ ಹೇಳಿದ. ತಾವು ನಕ್ಕು, ಎಳನೀರು ಮುಗಿಸಿ, ಅತಿಥಿಗಳನ್ನು ಕರೆದುಕೊಂಡು ಒಳಗೆ ನಡೆದಿರಿ. ರಫ್ತಿಗೆ ಹೋಗುವ ಸಿಗಡಿಯಲ್ಲಿ ಒಂದು ಕೂದಲೆಳೆ ಇದ್ದರೂ ಹಿಡಿಯುತ್ತೀರಂತೆ. ಕಿಟಕಿಗೆ ಜೋತು ಕೂಗುವ ಮನುಷ್ಯಳನ್ನು ಕಾಣದಿರಲು ಇಲಾಖೆಯಲ್ಲಿ ಪ್ರತ್ಯೇಕ ತರಬೇತಿ ಕೊಡುತ್ತಾರೆಯೇ?

ಕಬ್ಬಿಣದ ಮಂಚದ ಕಾಲು ಕಿತ್ತು ಬಾಗಿಲು ಒಡೆದೆವು. ನಮ್ಮ ಜೊತೆಗಿದ್ದ ಯರ್ರಮ್ಮ ಪಾಪಕ್ಕನನ್ನು ಬೆನ್ನಮೇಲೆ ಹೊತ್ತಳು. ಮೆಟ್ಟಿಲಿಳಿದರೆ ಹೊರಗೆ ಹೋಗಲು ಇದ್ದದ್ದು ಸಿಗಡಿ ಸುಲಿಯುವ ಕೊಠಡಿಯ ದಾರಿಯೊಂದೇ. ಫಳಫಳ ಹೊಳೆಯುವ ಮೇಜುಗಳ ನಡುವೆ, ತಮ್ಮ ಅತಿಥಿಗಳ ಎದುರಿನಿಂದಲೇ ನಡೆದೆವು. ಇವರು ಯಾರು ಎಂದು ಒಬ್ಬ ವಿದೇಶಿ ಹೆಂಗಸು ಇಂಗ್ಲಿಷಿನಲ್ಲಿ ಕೇಳಿದರು. ಊರಿನಿಂದ ಯಾರನ್ನೋ ನೋಡಲು ಬಂದವರು ಎಂದು ತಾವು ಇಂಗ್ಲಿಷಿನಲ್ಲೇ ಹೇಳಿದಿರಿ. ನಾನು ಬಿ.ಎ. ಓದಿದ್ದೇನೆ ಸ್ವಾಮಿ, ಅಷ್ಟು ಇಂಗ್ಲಿಷ್ ನನಗೆ ತಿಳಿಯುತ್ತದೆ. ಆದರೆ ಆಗ ನಿಂತು ತಿದ್ದಲು ನನಗೆ ಪುರುಸೊತ್ತಿರಲಿಲ್ಲ. ಇನ್ನೂ ನಾಲ್ಕು ಗಂಟೆ ಮುಂಚೆ ತಂದಿದ್ದರೆ ಬೆರಳು ಉಳಿಯುತ್ತಿದ್ದವೇನೋ ಎಂದರು ಆಸ್ಪತ್ರೆಯ ಡಾಕ್ಟರು. ಆ ನಾಲ್ಕು ಗಂಟೆ ತಮ್ಮ ತಪಾಸಣೆ ನಡೆಯುತ್ತಿತ್ತು.

ಇಷ್ಟಾದ ಮೇಲೂ ತಮಗೆ ಸಂಕೋಚ ಹುಟ್ಟಲಿಲ್ಲ. ಕಳೆದ ತಿಂಗಳು ಚಳ್ಳಕೆರೆಗೇ ಬಂದು, ‘ಕಡಲು ಕರೆಯುತ್ತಿದೆ, ಬನ್ನಿ ಅಕ್ಕಂದಿರೇ’ ಎಂಬ ಬ್ಯಾನರಿನ ಕೆಳಗೆ ನಿಂತು ನಮ್ಮ ಹೆಂಗಸರಿಗೆ ಅರ್ಜಿ ಹಂಚಿದಿರಿ. ಕರಾವಳಿಯ ಘಟಕಗಳು ಮನೆಯಂತೆ ಎಂದಿರಿ. ಆಗ ಹಿಂದಿನ ಸಾಲಿನಿಂದ ಪಾಪಕ್ಕ ಎದ್ದಳು. ಬಲಗೈ ಮೇಲೆತ್ತಿದಳು.

“ನಾನು ಆ ಮನ್ಯಾಗೆ ಇದ್ದೋಳು. ಗುರ್ತು ಸಿಕ್ತೇನ್ರಿ ಸಾಹೇಬ್ರೇ?”

ಪ್ರಶ್ನೆಗಳಿಗೆ ಕೊನೆಯಲ್ಲಿ ಸಮಯವಿದೆ ಎಂದಿರಿ.

“ಕೊನೀತಂಕ ಯಾಕ್ರಿ? ಇದು ಪ್ರಶ್ನೆ ಅಲ್ಲ, ಕೈ. ನೋಡ್ರಿ.”

ರೇಣುಕಮ್ಮ ಎಂಬಾಕೆ ಮೊದಲು ತನ್ನ ಅರ್ಜಿಯನ್ನು ತಮ್ಮ ಮೇಜಿನ ಮೇಲಿಟ್ಟು ಹೊರನಡೆದಳು. ಅವಳ ಹಿಂದೆ ಒಬ್ಬೊಬ್ಬರೇ ಎದ್ದರು. ಸಭಾಂಗಣ ಅರ್ಧ ಖಾಲಿಯಾಗುವಷ್ಟರಲ್ಲಿ ತಾವು ಪಕ್ಕದ ಬಾಗಿಲಿನಿಂದ ಜೀಪು ಹತ್ತಿದ್ದಿರಿ.

ಪಾಪಕ್ಕನ ಕೈಯಲ್ಲಿ ಈಗ ಉಣ್ಣೆಯ ಎಳೆ ನಿಲ್ಲುವುದಿಲ್ಲ. ತಮ್ಮ ಉತ್ತರ ಓದಿ ಹೇಳಿದಾಗ ಅವಳು ಹಿಡಿದಿದ್ದ ಉಣ್ಣೆಯನ್ನು ಪಕ್ಕಕ್ಕಿಟ್ಟಳು. ಆಮೇಲೆ ಅಂದಳು: “ಬೆರಳು ಹೋದ್ವು, ಹೋಗ್ಲಿ ಬಿಡೇ. ನಾನು ಅಲ್ಲಿ ಇರ್ಲೇ ಇಲ್ಲ ಅಂತಾರಲ್ಲ, ಅದು ಹೊಟ್ಟೆ ಸುಡ್ತೈತೆ ನೋಡು.”

ಆದ್ದರಿಂದ ನಾವು ತಮ್ಮಲ್ಲಿ ಕರುಣೆ ಬೇಡುತ್ತಿಲ್ಲ, ಇಲ್ಲದ್ದನ್ನು ಬೇಡಿ ಫಲವೇನು? ಆ ಎರಡು ವಾಕ್ಯಗಳನ್ನು ಹಿಂಪಡೆಯಿರಿ. ‘ಪಾಪಕ್ಕ ಆ ಘಟಕದಲ್ಲಿ ಏಳು ತಿಂಗಳು ದುಡಿದಳು, ಚಿಲಕ ಹಾಕಿದ ಕೋಣೆಯಲ್ಲಿ ಅವಳ ಕೈ ಕೊಳೆಯುತ್ತಿದ್ದಾಗ ನಾನು ಕೆಳಗೇ ಇದ್ದೆ’ ಎಂದು ತಮ್ಮ ಕೈಯಾರೆ ಬರೆದು ಸಹಿ ಮಾಡಿ. ತಮ್ಮ ಹತ್ತು ಬೆರಳೂ ನೆಟ್ಟಗಿವೆ, ಬರೆಯಲು ಕಷ್ಟವಾಗಲಾರದು.

ಇಂತಿ,
ತಮ್ಮ ಮೇಲೆ ಒಮ್ಮೆ ನಂಬಿಕೆಯಿಟ್ಟು ಕೂಗಿದ ತಪ್ಪಿಗೆ ಇಂದಿಗೂ ನಾಚುವ,
ಸ್ವಪ್ನ
ತಳಕು ಹೋಬಳಿ, ಚಳ್ಳಕೆರೆ ತಾಲ್ಲೂಕು