ಗಾಳಿಯ ಕಣ್ಣು

ಮಂಗಳವಾರ, ಮಧ್ಯಾಹ್ನ

ನನ್ನ ಮುದ್ದು ಅಮ್ಮ,

ಮಾವ ಅಡುಗೆಮನೆಯ ಕಿಟಕಿ ತೆಗೆದುಬಿಟ್ಟರು! ಇಷ್ಟಕ್ಕೇ ಈ ಹುಡುಗಿ ಯಾಕೆ ಕುಣಿಯುತ್ತಿದ್ದಾಳೆ ಎನ್ನಬೇಡ. ಮದುವೆಯಾದಾಗಿನಿಂದ ನೀನು ನನ್ನ ಫೋನೇ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬಡಗಿಯ ಮನೆಯ ಸುದ್ದಿ ಬೇಡವೆನಿಸಿದರೂ ಓದು.

ಬೀದಿಗೆಲ್ಲ ಕಿಟಕಿ ಮಾಡಿಕೊಡುವ ನನ್ನ ಮಾವ ತಮ್ಮ ಮನೆಯದಕ್ಕೇ ಮೊಳೆ ಹೊಡೆದಿದ್ದರು. ಆಚೆ ಅವರ ಅಣ್ಣನ ಅಂಗಳ, ಅವರೂ ಬಡಗಿಯೇ. ಅಲ್ಲಿಂದ ಬರುವ ವಾರ್ನಿಷ್ ವಾಸನೆಗೆ ಶುರುವಾದ ಜಗಳ, ಎಂಟು ವರ್ಷ ಮಾತಿಲ್ಲ. ಹೊಗೆ ಕುಡಿದದ್ದು ಮಾತ್ರ ಅತ್ತೆ.

ನಿನ್ನೆ ಊಟಕ್ಕೆ ಕೂತಾಗ ಮೆಣಸಿನಕಾಯಿ ಘಾಟಿಗೆ ಎಲ್ಲರಿಗೂ ಕೆಮ್ಮು. ನನ್ನ ಬಾಯಿ ನಿನಗೆ ಗೊತ್ತಲ್ಲ, ಕಾನ್ವೆಂಟ್ ಪಾಂಡಿತ್ಯ ಬಿಚ್ಚಿದೆ. ಕಿಟಕಿಯಷ್ಟೇ ಅಲ್ಲ, ಈಗ ಟಿಕೆಟ್ ಕೊಡುವ ಕಂಡಿಯೂ ವಿಂಡೋ, ಕಂಪ್ಯೂಟರಿನಲ್ಲಿ ತೆರೆಯುವ ಚೌಕವೂ ವಿಂಡೋ. ಆದರೆ ಆ ಪದ ಇಂಗ್ಲಿಷಿಗೆ ಬಂದದ್ದು ಉತ್ತರ ಯುರೋಪಿನ ಕಡಲಿಗರ ಹಳೆಯ ಭಾಷೆಯಿಂದ, ಅದರ ಅರ್ಥ ‘ಗಾಳಿಯ ಕಣ್ಣು’ ಎಂದೆ. ನಮ್ಮ ಗವಾಕ್ಷಿಯಲ್ಲೂ ಅಕ್ಷಿಯಿದೆ, ಹಸುವಿನ ಕಣ್ಣು, ಎಂದೂ ಸೇರಿಸಿದೆ.

ಮಾವನ ತುತ್ತು ಕೈಯಲ್ಲೇ ನಿಂತಿತು. “ಹಂಗಾದ್ರೆ ನಾನು ಕಣ್ಣಿಗೆ ಮೊಳೆ ಹೊಡ್ದಿದೀನಾ, ಮಗಳೇ?”

ಅತ್ತೆ ಬಿಡುತ್ತಾರೆಯೇ? “ಈಗ ಗೊತ್ತಾಯ್ತಾ! ನನ್ನ ಕಣ್ಣು ಎಂಟು ವರ್ಷದಿಂದ ಉರೀತಿದೆ.”

ಇಂದು ಬೆಳಿಗ್ಗೆ ಮಾವ ಇಕ್ಕಳ ಹಿಡಿದು ನಿಂತರು. ಒಳ್ಳೆಯ ಬಡಗಿ ಹೊಡೆದ ಮೊಳೆ, ಸುಲಭಕ್ಕೆ ಬರುತ್ತದೆಯೇ? ಬಡಿದರು, ಜಗ್ಗಿದರು, ಬೆವರಿದರು. ಸದ್ದು ಕೇಳಿ ಆಚೆಯಿಂದ ದೊಡ್ಡಮಾವ ಕೂಗಿದರು: “ಇನ್ನೂ ಎಷ್ಟು ಹೊಡೀತೀಯೋ? ಗೋಡೇನೇ ಬೀಳಿಸ್ತೀಯಾ?”

“ಹೊಡೀತಿಲ್ಲ ಕಣಣ್ಣ, ಕೀಳ್ತಿದೀನಿ!”

ನಾನೂ ಅತ್ತೆಯೂ ಒಲೆ ಬಿಟ್ಟು ಕಿಟಕಿಯ ಬಳಿ ಓಡಿದೆವು. ಆಮೇಲೆ, “ಹಂಗೆ ಜಗ್ಗಿದ್ರೆ ಚೌಕಟ್ಟು ಸೀಳುತ್ತೆ, ಪೆದ್ದ. ತಡಿ, ಬಂದೆ.”

ತಮ್ಮದೇ ಇಕ್ಕಳ ತಂದರು, ಅಮ್ಮ! ಈಗ ಒಬ್ಬರು ಒಳಗೆ, ಒಬ್ಬರು ಹೊರಗೆ ನಿಂತು ಬೈದಾಡಿಕೊಂಡೇ ಟೀ ಕುಡಿಯುತ್ತಿದ್ದಾರೆ. ವಾರ್ನಿಷ್ ವಾಸನೆ ಮೂಗಿಗೆ ಬಡಿಯುತ್ತಿದೆ. ಅದರ ಬಗ್ಗೆ ಮಾತ್ರ ಯಾರೂ ತುಟಿಪಿಟಿಕ್ಕೆನ್ನುತ್ತಿಲ್ಲ.

ನಿನ್ನ ಬಾಯಿಬಡುಕಿ,
ಗಿಣಿ

ಮರೆತಿದ್ದೆ: ನಾನು ಹೊರಟ ದಿನ ನೀನು ಬಾಗಿಲಿಗೆ ಬರಲಿಲ್ಲ, ಆದರೆ ಮುಂದಿನ ಕಿಟಕಿಯ ಪರದೆ ಅಲ್ಲಾಡಿತು. ಅಂದು ಗಾಳಿಯೇ ಇರಲಿಲ್ಲ, ಅಮ್ಮ. ನಾನೂ ನಿನ್ನ ಅಳಿಯನೂ ಬರುತ್ತಿದ್ದೇವೆ. ಸ್ಟೇಷನ್‌ಗೆ ಬರಬೇಡ, ಆ ಪರದೆ ಸರಿಸಿದರೆ ಸಾಕು. ಭಾನುವಾರ, ಬೆಳಗಿನ ಪ್ಯಾಸೆಂಜರ್ ರೈಲು.