ಕಲೆ ಹತ್ತದ ಎಲೆಗಳು

ಹೊಸ ತಿಪ್ಪಸಂದ್ರ
ಸೋಮವಾರ

ನಜೀರ್ ಭಾಯ್, ನಮಸ್ಕಾರ.

ನಿಮ್ಮ ಅಂಗಡಿಯಿಂದ ತಂದ ಪ್ಲಾಸ್ಟಿಕ್ ಇಸ್ಪೀಟೆಲೆ ಚೆನ್ನಾಗಿವೆ. ಮಿರ್ಚಿ ಬಜ್ಜಿ ತಿಂದ ಕೈಯಲ್ಲಿ ಮುಟ್ಟಿದ್ರೂ ಒರೆಸಿದ್ರೆ ಕಲೆ ಹೋಗತ್ತೆ. ಆದ್ರೆ ಮನೆ ಪೋಕರಲ್ಲಿ ಸೋತೇ ಗೊತ್ತಿಲ್ಲದ ನಮ್ಮ ಮಾವ ಶನಿವಾರ ಒಂದಾಟವೂ ಗೆಲ್ಲಲಿಲ್ಲ. ಆಟೀನ್ ರಾಣೀನ ತೋರಿಸಿ ರಾಜ ಅಂದ್ರು. ಆಗ ತಿಳೀತು, ಅವರ ಕಣ್ಣು ಮಂಜಾಗಿದೆ. ಇಷ್ಟು ದಿನ ಎಣ್ಣೆ ಕಲೆ, ಮಡಿಸಿದ ಮೂಲೆ ಇವುಗಳಿಂದಲೇ ಹಳೇ ಎಲೆಗಳ ಗುರುತು ಹಿಡೀತಿದ್ರು.

ಕಣ್ಣಿನ ಡಾಕ್ಟರ ಹತ್ರ ನಾನು ಹೇಗೋ ಕರ್ಕೊಂಡು ಹೋಗ್ತೀನಿ. ನೀವು ಈ ಹೊಸ ಕಟ್ಟನ್ನ ವಾಪಸ್ ತಗೊಂಡು ದೊಡ್ಡ ಅಕ್ಷರದ ಕಟ್ಟು ಕೊಡಿ. ಯಾಕೆ ಅಂತ ಮಾವನಿಗೆ ಮಾತ್ರ ಹೇಳ್ಬೇಡಿ.

ನಿನ್ನೆ ಹಳೇ ಕಟ್ಟಲ್ಲೇ ಆಡಿದ್ವಿ. ನಮ್ಮ ಕೈಯಲ್ಲಿರೋ ಎಲೆಗಳೂ ಅವರಿಗೆ ಹಿಂಬದಿಯ ಕಲೆಯಿಂದಲೇ ಗೊತ್ತಾಗ್ತಿದ್ವು. ಎಲ್ಲಾ ಆಟ ಗೆದ್ದು, ಆ ಖುಷಿಗೆ, ಹೊಸ ಎಲೆಗಳೇ ಸರಿಯಿಲ್ಲ ಅಂತ ನಿಮ್ಮ ಅಂಗಡೀನ ಚೆನ್ನಾಗಿ ಬೈದ್ರು. ಬೇಜಾರು ಮಾಡ್ಕೋಬೇಡಿ.

ನಿಮ್ಮ ತಂಗಿಯಂಥ
ಸುಪ್ರೀತಾ