ಚೀಟಿಯ ಆರನೇ ಸಾಲು

ಫೆಬ್ರವರಿ 3, ಮಂಗಳವಾರ

ಮ್ಯಾನ್‌ಹೋಲ್ ಮುಚ್ಚಳದ ಬಗ್ಗೆ ಬರೆದ ಪತ್ರ ಕೊನೆಗೂ ಪತ್ರಿಕೆಯಲ್ಲಿ ಬಂತು. ಒಂಬತ್ತನೆಯ ಪುಟ, ಕೆಳಮೂಲೆ. ನಾಲ್ಕು ಪ್ಯಾರಾ ಎರಡಾಗಿದೆ. ಯಾವ ಅಧಿಕಾರಿ, ಎಷ್ಟು ದಿನದಿಂದ ನಿದ್ದೆ ಮಾಡುತ್ತಿದ್ದಾರೆ — ಆ ವಾಕ್ಯವೇ ಮಾಯ. ಸಂಪಾದಕರ ಮೇಲೂ ಒಂದು ಪತ್ರ ಬರೆಯಬೇಕು.

ಗ್ರಂಥಾಲಯಕ್ಕೆ ಅವನು ಆಗಲೇ ಬಂದಿದ್ದ. ಎಡದಿಂದ ಬೆಳಕು ಬೀಳುವ ಕುರ್ಚಿಯನ್ನು ನನಗೆ ಬಿಟ್ಟು ಎದುರು ಕೂತಿದ್ದ. ಹನ್ನೊಂದಕ್ಕೆ ಕ್ಯಾಂಟೀನು. ನನಗೆ ಸಕ್ಕರೆ ಇಲ್ಲದ ಟೀ, ಕೇಳದೆಯೇ. ಫುಟ್‌ಪಾತಿನಲ್ಲಿ ವಾಹನಗಳ ಕಡೆಗೆ ತಾನು, ಗೋಡೆಯ ಕಡೆಗೆ ನಾನು. ಹೊರಡುವಾಗ ಕೈ ಹಿಡಿದ. ತಕ್ಷಣ ಬಿಡಲಿಲ್ಲ.

ಎರಡು ತಿಂಗಳಿಂದ ಹೀಗೇ. ಬಿಟ್ಟುಹೋದ ಗಂಡ... ಅಲ್ಲ, ಸರಿಯಾಗಿ ಬರೆಯಬೇಕು, ನಾನು ಬಿಟ್ಟುಬಂದ ಗಂಡ. ಹತ್ತೊಂಬತ್ತು ವರ್ಷ ಮುಖ ನೋಡಿರಲಿಲ್ಲ. ಡಿಸೆಂಬರಿನಲ್ಲಿ ಇದೇ ಮೇಜಿಗೆ ಬಂದು, “ಅರ್ಜಿ, ಇನ್ನೂ ಜಗಳ ಬಿಟ್ಟಿಲ್ವಾ?” ಎಂದ. ನೀರು ಸರಬರಾಜು ಕಚೇರಿಯಲ್ಲಿ ಎಲ್ಲರಿಗೂ ನಾನು ಅರ್ಜಿಯಮ್ಮ. ಬರೀ ಅರ್ಜಿ ಎನ್ನುತ್ತಿದ್ದವನು ಇವನೊಬ್ಬ. ಇವನಿಗೆ ಸ್ಕೇಲು ಎಂದು ಹೆಸರು — ನಕ್ಷೆ ವಿಭಾಗ, ಜೇಬಿನಲ್ಲಿ ಸದಾ ಸ್ಟೀಲ್ ಸ್ಕೇಲು. ಈಗಲೂ ಇದೆ. ಪತ್ರಿಕೆಯಲ್ಲಿ ನನ್ನ ಪತ್ರದ ಸುತ್ತ ಅದನ್ನಿಟ್ಟೇ ಚೌಕ ಎಳೆದ. ಗ್ರಂಥಾಲಯದ ಪ್ರತಿ ಅದು. ಬೈದೆ.

ಆಗ ‘ನೀವು’ ಎನ್ನುತ್ತಿದ್ದೆ. ಈಗ ಬಾಯಿಗೆ ‘ನೀನು’ ಎಂದೇ ಬರುತ್ತದೆ. ಇಷ್ಟು ವರ್ಷದಲ್ಲಿ ನನಗೆ ಸಿಕ್ಕ ಒಂದೇ ಬಡ್ತಿ.

ಫೆಬ್ರವರಿ 11, ಬುಧವಾರ

ಕೇಳಿಯೇಬಿಟ್ಟ. ಒಂದನೇ ತಾರೀಕಿನಿಂದ ನನ್ನ ಮನೆಗೇ ಬಂದುಬಿಡಲೇ ಎಂದು. ಈಗಿರುವುದು ತನ್ನ ತಂಗಿಯ ಮನೆಯಲ್ಲಿ. ಹೂಂ ಎಂದೆ. ಅರವತ್ತೊಂದರಲ್ಲಿ ಕೆನ್ನೆ ಬಿಸಿಯಾಯಿತು. ಬರೆದಿಡುತ್ತೇನೆ, ಯಾರು ಓದುತ್ತಾರೆ.

ಆದರೆ ಒಂದು ಮಾತು ಬಾಕಿಯಿದೆ. ಹಾಳೆ ನಂಬರ್ 47. ಕುಡಿಯುವ ನೀರಿನ ಪೈಪು ಚರಂಡಿಯ ಅಡಿಯಲ್ಲಿ ಹಾದುಹೋಗುವುದನ್ನು ತೋರಿಸಿದ್ದ ನಕ್ಷೆ. ಬರೆದವನು ಅವನೇ. ಆ ಬೀದಿಯ ಮಕ್ಕಳಿಗೆ ಕಾಮಾಲೆ ಬಂತು. ವಾರದೊಳಗೆ ನಕ್ಷೆ ಬದಲಾಯಿತು. ಹಳೆಯ ಹಾಳೆಯನ್ನು ದಾಖಲೆ ಕೊಠಡಿಯಲ್ಲಿ ಕಣ್ಣಾರೆ ಕಂಡಿದ್ದೆ. ದೂರು ಬರೆದುಕೊಟ್ಟೆ. ವಿಚಾರಣೆ ನಡೆಯಿತು. ಅವನನ್ನು ಕರೆದರು. ಹೇಳಿಕೆಯ ಪ್ರತಿ ನನ್ನ ಹತ್ತಿರವಿದೆ, ಬಾಯಿಪಾಠವೂ ಇದೆ: ‘ಅಂಥ ಹಾಳೆ ಇರಲೇ ಇಲ್ಲ. ನನ್ನ ಹೆಂಡತಿಯ ನೆನಪು ನಂಬುವಂಥದ್ದಲ್ಲ. ಮನೆಯಲ್ಲೂ ಆಗದ್ದನ್ನು ಆಯಿತು ಎನ್ನುತ್ತಾಳೆ.’ ಕೆಳಗೆ ಸಹಿ. ಸಹಿಯ ಅಡಿಗೆ ಸ್ಕೇಲಿಟ್ಟು ಎಳೆದ ಗೆರೆ.

ನನ್ನನ್ನು ಗೋದಾಮಿಗೆ ಎತ್ತಿಹಾಕಿದರು. ಅವನು ಹಿರಿಯ ನಕ್ಷೆಗಾರನಾದ. ಎಂಟನೇ ದಿನ ನಾನು ಮನೆ ಬಿಟ್ಟೆ.

‘ನಾನು ಸುಳ್ಳು ಹೇಳಿದೆ.’ ಈ ಮೂರು ಪದ ಸಾಕು ನನಗೆ. ಎರಡು ತಿಂಗಳಲ್ಲಿ ಒಮ್ಮೆಯೂ ಆ ಸುದ್ದಿ ಎತ್ತಿಲ್ಲ. ನಾಚಿಕೆ ಇರಬೇಕು. ನಾನಾಗಿ ಕೆದಕುವುದಿಲ್ಲ. ಬರುವುದಕ್ಕೆ ಮೊದಲು ಹೇಳುತ್ತಾನೆ.

ಫೆಬ್ರವರಿ 19, ಗುರುವಾರ. ಮಧ್ಯಾಹ್ನ 3

ಕಪಾಟಿನ ಎರಡು ಅರೆ ಖಾಲಿ ಮಾಡಿದೆ. ಹಳೆಯ ಪತ್ರಿಕೆಯ ಕತ್ತರಿಕೆಗಳೆಲ್ಲ ಮಂಚದ ಅಡಿಗೆ. ಅವನು ಊಟಕ್ಕೆ ಬಂದಿದ್ದ, ಕೋಟು ಮರೆತು ಹೋದ. ಗುಂಡಿ ಜೋತಾಡುತ್ತಿತ್ತು, ಹೊಲಿಯೋಣವೆಂದು ಎತ್ತಿಕೊಂಡೆ. ಒಳಜೇಬಿನಿಂದ ಒಂದು ಚೀಟಿ ಬಿತ್ತು. ದಪ್ಪ ಕಾಗದ, ಮಡಚಿ ಮಡಚಿ ಮೆತ್ತಗಾಗಿದೆ. ಅಕ್ಷರ ಅವನದಲ್ಲ. ದುಂಡಗೆ, ಒತ್ತೊತ್ತಾಗಿ. ನನ್ನ ನಾದಿನಿಯ ಕೈ. ಮದುವೆಯ ಕಾಲದಲ್ಲಿ ಆ ಕೈಯ ಪತ್ರ ಎಷ್ಟು ಓದಿಲ್ಲ ನಾನು.

1. ಅವರ ಟೀಗೆ ಸಕ್ಕರೆ ಹಾಕಿಸಬೇಡ.
2. ಎಡದಿಂದ ಬೆಳಕು ಬರುವ ಕುರ್ಚಿ ಅವರಿಗೆ.
3. ಪತ್ರಿಕೆಯಲ್ಲಿ ಅವರ ಪತ್ರ ಬಂದಿದೆಯೇ ನೋಡು.
4. ‘ಅರ್ಜಿ’ ಎಂದು ಕರೆ.
5. ರಸ್ತೆಯಲ್ಲಿ ವಾಹನಗಳ ಕಡೆ ನೀನು.
6. ಹೊರಡುವಾಗ ಕೈ ಹಿಡಿ. ಬೇಗ ಬಿಡಬೇಡ.
7. ವಿಚಾರಣೆಯ ಮಾತು ಎತ್ತಬೇಡ.

ಸೂಜಿ ಎಲ್ಲಿಟ್ಟೆನೋ. ಒಂದು ಗಂಟೆಯಿಂದ ಹುಡುಕುತ್ತಿದ್ದೇನೆ.

ಫೆಬ್ರವರಿ 20, ಶುಕ್ರವಾರ

ನಾದಿನಿ ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿಗೆ ಹೋದೆ. ಕೌಂಟರಿನಲ್ಲಿ ಟೋಕನ್ ಕೊಡುತ್ತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು. ಚೀಟಿಯನ್ನು ಮುಂದಿಟ್ಟೆ. ಒಳಗೆ ಯಾರದೋ ಹಲ್ಲು ಕೊರೆಯುವ ಸದ್ದು. ಅದು ನಿಂತ ಮೇಲೆ ಹೇಳಿದಳು.

ಮರೆವು ಶುರುವಾಗಿ ಎರಡು ವರ್ಷವಾಯಿತಂತೆ. ಮೊದಲು ಬೀಗದ ಕೈ, ಆಮೇಲೆ ಬೀದಿ, ಆಮೇಲೆ ವರ್ಷಗಳು. ಮದುವೆಗೆ ಮುಂಚಿನದು ಅಲ್ಲಲ್ಲಿ ಇದೆ, ಅದರ ನಂತರದ್ದು ತೂತು ತೂತು. ಒಬ್ಬನೇ ಇರಕೂಡದು ಎಂದಿದ್ದಾರೆ ಡಾಕ್ಟರು. ನಾವು ಯಾಕೆ ಬೇರೆಯಾದೆವೆಂದೇ ಅವನಿಗೆ ಗೊತ್ತಿಲ್ಲ. ಏನೋ ಮಾತಿಗೆ ಮಾತು ಬೆಳೆಯಿತು ಎಂದುಕೊಂಡಿದ್ದಾನೆ.

“ನನ್ನ ಕೈಲಿ ಇನ್ನು ಆಗಲ್ಲ ಅತ್ತಿಗೆ. ಗ್ಯಾಸ್ ಎರಡು ಸಲ ಹಚ್ಚಿ ಬಿಟ್ಟುಬಂದಿದಾನೆ. ನಾನು ಕೆಲಸಕ್ಕೆ ಬರ್ಲಾ, ಅವನನ್ನ ಕಾಯ್ತಾ ಕೂರ್ಲಾ?”

“ಅದಕ್ಕೆ ನನಗೆ ದಾಟಿಸಿದೆ.”

“ದಾಟಿಸಿದೀನಿ, ಹೌದು. ಆದ್ರೆ ನಿಮ್ಮ ಮೇಲಿನ ಪ್ರೀತಿ ಸುಳ್ಳಲ್ಲ. ಅದನ್ನ ನಾನು ಚೀಟಿಲಿ ಬರೆದುಕೊಟ್ಟಿಲ್ಲ.”

“ಕೊಟ್ಟಿದೀಯಲ್ಲ,” ಎಂದೆ. “ಆರನೇ ಸಾಲು.”

ಸಾಲಿನಲ್ಲಿ ಕಾಯುತ್ತಿದ್ದ ಮುದುಕರೊಬ್ಬರು ದವಡೆ ಹಿಡಿದುಕೊಂಡೇ ನಮ್ಮನ್ನು ನೋಡುತ್ತಿದ್ದರು. ಬಂದುಬಿಟ್ಟೆ.

ಬಸ್ಸಿನಲ್ಲಿ ಮೈಯೆಲ್ಲ ಉರಿ. ಸಕ್ಕರೆ ಇಲ್ಲದ ಟೀ ಅವಳಿಗೆ ಗೊತ್ತಾದದ್ದು ನನ್ನಿಂದ. ನನ್ನ ಗೆಳತಿ ಎಂದುಕೊಂಡಿದ್ದೆ ಅವಳನ್ನು. ನನ್ನ ನೆನಪು ನಂಬುವಂಥದ್ದಲ್ಲ ಎಂದು ಬರೆದುಕೊಟ್ಟವನು ಈಗ ನನ್ನ ನೆನಪನ್ನೇ ನೆಚ್ಚಿ ಬದುಕಲು ಬರುತ್ತಿದ್ದಾನೆ. ಆ ಮೂರು ಪದವನ್ನು ಇನ್ನು ಯಾರಿಂದ ಕೇಳಲಿ? ಸುಳ್ಳು ಹೇಳಿದವನು ಹೊರಟುಹೋಗಿದ್ದಾನೆ. ಅವನ ಕೋಟು ಮಾತ್ರ ನನ್ನ ಕುರ್ಚಿಯ ಮೇಲಿದೆ.

ಫೆಬ್ರವರಿ 24, ಮಂಗಳವಾರ. ಸಂಜೆ

ನಾಲ್ಕು ದಿನ ಗ್ರಂಥಾಲಯಕ್ಕೆ ಹೋಗಲಿಲ್ಲ. ಇವತ್ತು ಅವನೇ ಬಂದ. ವಿಳಾಸ ಬರೆದ ಕಾಗದ ಕೈಯಲ್ಲಿ. ಹುಷಾರಿಲ್ಲವೇ ಎಂದ. ಕೋಟು ಕೊಟ್ಟೆ. ಚೀಟಿಯನ್ನು ಮೊದಲಿನ ಜೇಬಿನಲ್ಲೇ ಇಟ್ಟಿದ್ದೆ. ತೆಗೆದು ನನ್ನೆದುರೇ ಓದಿದ, ಸಂಕೋಚವೂ ಇಲ್ಲದೆ. ಏಳನೆಯದಕ್ಕೆ ಬಂದು ತಲೆ ಎತ್ತಿದ.

“ಯಾವ ವಿಚಾರಣೆ?”

ಇದಕ್ಕೇ ಕಾದಿದ್ದೆನೋ ಏನೋ. ಹೇಳಿಕೆಯ ಪ್ರತಿ ತಂದು ಓದಿದೆ, ಗಟ್ಟಿಯಾಗಿ. ‘ನನ್ನ ಹೆಂಡತಿ’ ಎಂದಿರುವಲ್ಲೆಲ್ಲ ‘ಈ ನೌಕರಳು’ ಎಂದೆ. ಮನೆಯ ಮಾತು, ಹೆಸರು, ಸಹಿ ಬಿಟ್ಟೆ. ಅಲ್ಲಾಡದೆ ಕೇಳಿದ.

“ಹಾಳೆ ಇತ್ತಲ್ಲ,” ಎಂದ. “ನಲವತ್ತೇಳು. ನಾನೇ ಬರೆದಿದ್ದು. ಇರ್ಲಿಲ್ಲ ಅಂದವನು ಯಾರು?”

ಹತ್ತೊಂಬತ್ತು ವರ್ಷದಲ್ಲಿ ಅದು ಇತ್ತು ಎಂದ ಮೊದಲ ಮನುಷ್ಯ.

“ಆಫೀಸಿನವನೇ,” ಎಂದೆ.

“ಒಬ್ಬ ಹೆಂಗಸಿಗೆ ತಲೆ ಸರಿಯಿಲ್ಲ ಅನ್ನೋಹಾಗೆ ಬರ್ಕೊಡೋದಾ? ಅವನನ್ನ ಸುಮ್ನೆ ಬಿಟ್ಯಾ ನೀನು? ನೀನು?” ಆಮೇಲೆ ಮೆಲ್ಲಗೆ: “ನಾನೆಲ್ಲಿದ್ದೆ ಆಗ? ನಾನೂ ಇದ್ದೆನಲ್ಲ. ಏನೂ ಹೇಳ್ಲಿಲ್ವಾ?”

“ನೀನೂ ಹೇಳ್ದೆ.”

ಸುಳ್ಳಲ್ಲ ಅದು. ಅವನ ಮುಖ ನಿರಾಳವಾಯಿತು. ಆ ನಿರಾಳವನ್ನು ಕಂಡು ನನಗೆ ಕೆನ್ನೆಗೆ ಬಾರಿಸಬೇಕೆನ್ನಿಸಿತು, ಅಷ್ಟೇ ಜೋರಾಗಿ ತಲೆ ಸವರಬೇಕೆಂದೂ. ಎರಡೂ ಮಾಡಲಿಲ್ಲ. ಚೀಟಿಯ ಕೆಳಗೆ ಎಂಟನೇ ಸಾಲು ಬರೆದುಕೊಂಡ, ತನ್ನ ಕೈಯಿಂದ: ‘ಆ ಮನುಷ್ಯ ಯಾರು — ಕೇಳಬೇಕು.’ ಅಡಿಗೆ ಸ್ಕೇಲಿಟ್ಟು ಗೆರೆ ಎಳೆದ.

ಹೊರಡುವಾಗ ಕೈ ಹಿಡಿಯಲು ಮರೆತ.

ಫೆಬ್ರವರಿ 28, ಶನಿವಾರ. ಬೆಳಿಗ್ಗೆ 11

ಒಂದು ದಿನ ಮುಂಚೆಯೇ ಬಂದಿದ್ದಾನೆ. ನಾದಿನಿ ಆಟೋದಿಂದ ಇಳಿಯಲಿಲ್ಲ. ಪೆಟ್ಟಿಗೆ ಬಾಗಿಲ ಬಳಿ ಇದೆ. ಒಳಗೆ ತರಲೂ ಇಲ್ಲ, ಹೊರಗೆ ಇಡಲೂ ಇಲ್ಲ ನಾನು.

ಕೂತವನೇ ಚೀಟಿ ತೆಗೆದ. ಎಂಟನೇ ಸಾಲು.

“ಯಾರು ಅವನು? ಕೇಳ್ಬೇಕು ಅಂತ ಬರ್ಕೊಂಡಿದೀನಿ.”

ಯಾರ ಹೆಸರನ್ನಾದರೂ ಹೇಳಬಹುದಿತ್ತು. ಆಫೀಸಿನವರು ಅರ್ಧ ಜನ ಸತ್ತಿದ್ದಾರೆ, ಆಕ್ಷೇಪಣೆ ಬರುವುದಿಲ್ಲ. ಇವನು ನಂಬುತ್ತಾನೆ. ದಿನಾ ಬೆಳಿಗ್ಗೆ ನನ್ನ ಪರವಾಗಿ ಅವನನ್ನು ಬೈಯುತ್ತಾನೆ, ನಾನು ಟೀ ಕುಡಿಯುತ್ತಾ ಕೇಳಬಹುದು. ಸುಖವಾಗಿಯೇ ಇರುತ್ತಿತ್ತು. ಆದರೆ ಆಗ ನಕ್ಷೆ ತಿದ್ದಿದವಳು ನಾನಾಗುತ್ತೇನೆ.

ಹೇಳಿಕೆಯನ್ನೇ ಕೈಗೆ ಕೊಟ್ಟೆ. ನೀನೇ ಓದು ಎಂದೆ.

ಎದುರಿಗೆ ಕೂತು ಓದುತ್ತಿದ್ದಾನೆ. ಕೈ ಸುಮ್ಮನಿರದು ಎಂದು ನಾನು ಇದನ್ನು ಬರೆಯುತ್ತಿದ್ದೇನೆ. ಸಾಲಿನ ಕೆಳಗೆ ಸ್ಕೇಲು ಇಟ್ಟು, ಒಂದೊಂದೇ ಸಾಲು ಕೆಳಗಿಳಿಸುತ್ತಾ. ‘ನನ್ನ ಹೆಂಡತಿ’ ಬಂದಲ್ಲಿ ನಿಂತ. ನನ್ನನ್ನು ನೋಡಿದ. ಮತ್ತೆ ಕಾಗದ. ಎರಡನೆಯ ಪುಟ. ಕೊನೆಯ ಪ್ಯಾರಾ. ಸ್ಕೇಲು ಈಗ ಆ ಹಳೆಯ ಗೆರೆಯ ಮೇಲೆ ಸರಿಯಾಗಿ ಕೂತಿದೆ. ಅದನ್ನು ಮೆಲ್ಲಗೆ ತೆಗೆದು ಪಕ್ಕಕ್ಕಿಟ್ಟ. ಸಹಿಯ ಮೇಲೆ ಬೆರಳು. ಬಾಯಿ ತೆರೆಯುತ್ತಿದ್ದಾನೆ, “ನಾನು —”